ಹಳೇ ಅಂಗಿಗೂ ಕೆಲಸ ಬೇಕು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಜರಿದು ಬಿದ್ದಾಗ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಜನರಿಗೆ ಅದು ಪರರಾಜ್ಯದ ಸುದ್ದಿಯಾಗಿರಲಿಲ್ಲ. ಬಾವಲಿ ಚೆಕ್‌ಪೋಸ್ಟ್ ದಾಟಿದರೆ ವಯನಾಡು. ಶುಂಠಿ ಬೆಳೆಯಲು ಅಲ್ಲಿಂದ ಇಲ್ಲಿಗೆ, ಕೂಲಿಗೆ ಇಲ್ಲಿಂದ ಅಲ್ಲಿಗೆ ಜನ ಓಡಾಡುವ ದಾರಿ ಅದು. ಮೈಸೂರು ಸೀಮೆಯಿಂದಲೂ ಅಕ್ಕಿ, ನೀರು, ಹೊದಿಕೆ ತುಂಬಿದ ಗಾಡಿಗಳು ಹೊರಟವು. ಕೆಲವೇ ದಿನಗಳಲ್ಲಿ ಕೇರಳ ಸರ್ಕಾರ ಕೈಮುಗಿದು ಕೇಳಿಕೊಳ್ಳಬೇಕಾಯಿತು: ದಯವಿಟ್ಟು ಹಳೆಯ ಬಟ್ಟೆ ಕಳಿಸಬೇಡಿ. ನಾಲ್ಕೂ ದಿಕ್ಕಿನಿಂದ ಬಂದ ಮೂಟೆಗಳಲ್ಲಿ ಯಾರೂ ಉಡಲಾಗದ ಬಟ್ಟೆ ಟನ್‌ಗಟ್ಟಲೆ ಇತ್ತು. ಮಣ್ಣಿನಡಿ ಹೆಣ ಹುಡುಕುತ್ತಿದ್ದ ಹೊತ್ತಿನಲ್ಲಿ ಅದನ್ನು ವಿಂಗಡಿಸಿ, ಕಸವೆಂದು ಸಾಗಿಸುವುದೇ ಬೇರೊಂದು ಕೆಲಸವಾಗಿ ತಲೆಗೆ ಬಿತ್ತು.

ಇದೇನೂ ಮೊದಲ ಸಲವಲ್ಲ. 2001ರ ಭುಜ್ ಭೂಕಂಪದ ಮೇಲೂ ರಸ್ತೆಬದಿಯಲ್ಲಿ ಬಟ್ಟೆಯ ರಾಶಿ ಬಿದ್ದಿತ್ತು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಮೀನುಗಾರರು ಮುಟ್ಟದೆ ಬಿಟ್ಟ ಬಟ್ಟೆ ಗೋದಾಮುಗಳನ್ನೇ ತುಂಬಿತು. ಕಳಿಸಿದವರು ಕೆಟ್ಟವರಲ್ಲ. ಟಿವಿ ನೋಡಿ ಕಣ್ಣೊರೆಸಿಕೊಂಡು, ಎದ್ದು ಹೋಗಿ ಬೀರು ತೆರೆದವರು. ಆದರೆ ಬೀರುವಿನ ಮುಂದೆ ನಿಂತ ಕೂಡಲೇ ಅವರ ಮನಸ್ಸಿನಲ್ಲಿದ್ದ ಪ್ರಶ್ನೆ ಬದಲಾಯಿತು. ಅಲ್ಲಿ ಏನು ಬೇಕಾಗಿದೆ ಎಂಬುದು ಹೋಗಿ, ನಮ್ಮಲ್ಲಿ ಏನು ಬೇಡವಾಗಿದೆ ಎಂಬುದು ಬಂತು. ಬೀರು ಖಾಲಿ ಮಾಡುವುದು ಒಂದು ಕೆಲಸ, ಬಟ್ಟೆ ಕೊಡುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಮೂಟೆಗೆ ಕಟ್ಟಿದ್ದರಿಂದಲೇ ಈ ಎಡವಟ್ಟು.

ಹಳೆಯ ಬಟ್ಟೆಯ ವಿಷಯದಲ್ಲಿ ನನಗೆ ಪಾಠ ಹೇಳಿದವರು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಕಡೆಯ ಹೆಂಗಸರು. ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿ ಕಟ್ಟೆ ಇರುವ ಊರು ಅದು. ಹೊರಗಿನವರಿಗೆ ಊರಿನ ಹೆಸರು ಗೊತ್ತಿರುವುದು ತಂಬಾಕು ಹರಾಜು ಮಾರುಕಟ್ಟೆಯಿಂದ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕುಗಳ ಕೆಂಪು ಮಣ್ಣಿನಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕನ್ನು ಇಲ್ಲಿ ಯಾರೂ ತಂಬಾಕು ಅನ್ನುವುದಿಲ್ಲ, ಹೊಗೆಸೊಪ್ಪು. ಇನ್ನೂ ಚಿಕ್ಕದಾಗಿ, ಸೊಪ್ಪು. ಬೇಸಿಗೆಯಲ್ಲಿ ಸಸಿಮಡಿ, ಮುಂಗಾರಿನ ಮೊದಲ ಮಳೆಗೆ ನಾಟಿ, ಜುಲೈ ಹೊತ್ತಿಗೆ ಬುಡದ ಎಲೆಯಿಂದ ಸೊಪ್ಪು ಮುರಿಯಲು ಶುರು. ಮುರಿದ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎನ್ನುವ ಸೊಪ್ಪಿನ ಮನೆಯಲ್ಲಿ ಏರಿಸಿ, ಕೆಳಗಿನ ಒಲೆಗೆ ಸೌದೆ ಉರಿಸಿ ವಾರದಷ್ಟು ಕಾಲ ಬೇಯಿಸಬೇಕು. ಕೊನೆಕೊನೆಗೆ ಒಳಗಿನ ಕಾವು ಸುಮಾರು 70 ಡಿಗ್ರಿಗೆ ಏರುತ್ತದೆ.

ಈ ಕೆಲಸದಲ್ಲಿ ಬಟ್ಟೆಯ ಗತಿ ಏನು ಅನ್ನುವುದನ್ನು ನೋಡಬೇಕಾದರೆ ಸೊಪ್ಪಿನ ಹೊಲಕ್ಕೆ ಬೆಳಗಿನ ಹೊತ್ತು ಹೋಗಬೇಕು. ಹಸಿ ಎಲೆಯ ಮೈತುಂಬ ಅಂಟು. ಮೊದಲು ಕೈಗೆ, ಆಮೇಲೆ ತೋಳಿಗೆ, ಹೊತ್ತೇರುವಷ್ಟರಲ್ಲಿ ಎದೆ ಹೊಟ್ಟೆಗೆಲ್ಲ ಕಪ್ಪಗೆ ಹತ್ತಿಕೊಳ್ಳುತ್ತದೆ. ಸಾಬೂನಿಗೆ ಜಗ್ಗುವುದಿಲ್ಲ. ಸೀಜನ್ ಮುಗಿಯುವ ಹೊತ್ತಿಗೆ ತಂತಿಗೆ ಹಾಕಿದ ಅಂಗಿ ಎಷ್ಟು ಗಡುಸಾಗಿರುತ್ತದೆಂದರೆ ಇಳಿಸಿ ನೆಲದ ಮೇಲಿಟ್ಟರೂ ನಿಂತೀತು. ಹಾಗಾಗಿ ಸೊಪ್ಪು ಮುರಿಯುವ ಹೆಂಗಸರೆಲ್ಲ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ. ಯಾವ ಅಂಗಿಗಳು ಅನ್ನುತ್ತೀರಿ? ಬೆಂಗಳೂರಿನ ಆಫೀಸಿನಲ್ಲಿ ಟೈ ಕಟ್ಟಿಸಿಕೊಂಡಿದ್ದ ತಿಳಿನೀಲಿ ಅಂಗಿ, ಮೈಸೂರಿನ ಬ್ಯಾಂಕಿನಿಂದ ನಿವೃತ್ತಿಯಾದ ಗೆರೆಗೆರೆ ಅಂಗಿ, ಮದುವೆ ಆರತಕ್ಷತೆಯಲ್ಲಿ ಒಂದೇ ಸಂಜೆ ಮಿಂಚಿ ಮೂಲೆ ಸೇರಿದ ಹೊಳಪಿನ ಅಂಗಿ. ಸರ್ಕಾರಿ ಶಾಲೆಯ ನೀಲಿ ಯೂನಿಫಾರ್ಮೂ ನಡುನಡುವೆ ಕಾಣುತ್ತದೆ. ಏಳನೇ ತರಗತಿ ಮುಗಿಸಿದ ಹುಡುಗ ಬಿಟ್ಟದ್ದು ತೆಳ್ಳಗಿರುವ ಅಜ್ಜಿಗೆ ಸರಿಯಾಗಿ ಕೂತಿರುತ್ತದೆ.

ಕಾಲರಿನ ಅಂಚು ಸವೆದ ಅಂಗಿಯೊಂದನ್ನು ನಾನು ಕಸಕ್ಕೆ ಹಾಕಲು ಹೊರಟಾಗ ಸೋದರತ್ತೆ ಕಸಿದುಕೊಂಡು ಹೇಳಿದ್ದು: “ಅದ್ಯಾಕ್ ಬಿಸಾಕ್ತೀಯ ಮಗಾ, ಕೊಡಿಲ್ಲಿ. ಕಾಲರ್ ಹರ್ದಿದ್ರೇನು, ಸೊಪ್ಪೇನು ಕಾಲರ್ ನೋಡ್ತದಾ?”

ಇದು ಬರೀ ಉಳಿತಾಯದ ಮಾತಲ್ಲ. ಇಬ್ಬನಿಯಲ್ಲೋ ಮಳೆಯಲ್ಲೋ ನೆನೆದ ಹಸಿ ಎಲೆಯಿಂದ ನಿಕೋಟಿನ್ ನೀರಿಗೆ ಬಿಟ್ಟುಕೊಂಡು ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತದೆ. ತಲೆ ಸುತ್ತು, ವಾಕರಿಕೆ, ಒಮ್ಮೊಮ್ಮೆ ವಾಂತಿ. ಬೀಡಿ ಸೇದದ ಹೆಣ್ಣುಮಕ್ಕಳಿಗೂ ಇದು ತಪ್ಪಿದ್ದಲ್ಲ. ಹೊಲದಲ್ಲಿ ಯಾರೂ ಇದನ್ನು ಕಾಯಿಲೆ ಎಂದು ಕರೆಯುವುದಿಲ್ಲ; ತಲೆ ತಿರುಗ್ತದೆ ಅಂದು ಬದುವಿನ ಮೇಲೆ ಒಂದಿಷ್ಟು ಹೊತ್ತು ಕೂತು ಏಳುತ್ತಾರೆ. ಒಣಗಿದ ತುಂಬುತೋಳಿನ ಬಟ್ಟೆ ತೊಡುವುದು, ಅದು ನೆನೆದರೆ ತಡಮಾಡದೆ ಇನ್ನೊಂದಕ್ಕೆ ಬದಲಿಸುವುದು ಇದಕ್ಕಿರುವ ಸರಳ ರಕ್ಷಣೆ. ಬದಲಿಸಬೇಕಾದರೆ ಇನ್ನೊಂದು ಇರಬೇಕಲ್ಲ? ಆದ್ದರಿಂದ ಈ ಸೀಮೆಯಲ್ಲಿ ತುಂಬುತೋಳಿನ ಹಳೆಯ ಹತ್ತಿ ಅಂಗಿ ಎಷ್ಟಿದ್ದರೂ ಹೆಚ್ಚಾಯಿತು ಎಂಬ ಮಾತಿಲ್ಲ.

ಹೊಲದಲ್ಲಿ ದುಡಿದ ಮೇಲೂ ಅಂಗಿಯ ಆಯಸ್ಸು ತೀರುವುದಿಲ್ಲ. ಮೊದಲು ಗುಂಡಿಗಳನ್ನು ಕತ್ತರಿಸಿ ಡಬ್ಬಿಗೆ ಹಾಕುತ್ತಾರೆ. ಒಂದಕ್ಕೊಂದು ಹೊಂದದ ಗುಂಡಿಗಳ ಆ ಡಬ್ಬಿ ಇಲ್ಲದ ಮನೆಯನ್ನು ನಾನು ಆ ಕಡೆ ಕಂಡಿಲ್ಲ. ಬೆನ್ನಿನ ಅಗಲದ ತುಂಡು ಬೈಕು ಒರೆಸಲು, ತೋಳು ಪಂಪ್‌ಸೆಟ್ಟಿನ ಪೈಪಿಗೆ ಸುತ್ತಲು. ಉಳಿದದ್ದು ರಾಗಿ ಹೊಲದ ಬೆದರುಬೊಂಬೆಯ ಮೈಮೇಲೆ ಏರುತ್ತದೆ. ಸೀರೆಯ ಬಾಳು ಇನ್ನೂ ಉದ್ದ. ಉಟ್ಟು ಮೆತ್ತಗಾದ ವಾಯಿಲ್ ಸೀರೆಯೇ ಮಗುವಿನ ಜೋಲಿಗೆ ಬೇಕು, ಹೊಸದು ಒರಟು. ಜೋಲಿ ಮುಗಿದರೆ ಹುಲ್ಲಿನ ಹೊರೆ ಕಟ್ಟಲು, ತಲೆಗೆ ಸಿಂಬಿ ಸುತ್ತಲು, ಒಲೆ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಗೆ. ಕಾಡಂಚಿನ ಹೊಲಗಳಲ್ಲಿ ಕಾಡುಹಂದಿ ಬಾರದಿರಲೆಂದು ಸುತ್ತಲೂ ಗೂಟ ನೆಟ್ಟು ಬಣ್ಣದ ಸೀರೆ ಬಿಗಿಯುತ್ತಾರೆ. ಹಂದಿ ಹೆದರುತ್ತದೋ ಇಲ್ಲವೋ ಹಂದಿಯನ್ನೇ ಕೇಳಬೇಕು. ಹೊಲವಂತೂ ಜಾತ್ರೆಯ ಕಳೆ ಹೊತ್ತಿರುತ್ತದೆ. ಉತ್ತರ ಕರ್ನಾಟಕದಲ್ಲಾದರೆ ಇದೇ ಸೀರೆಗಳು ಕೌದಿಯಾಗುತ್ತವೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ಈಗ ಕಲೆ ಎಂದು ಪ್ರದರ್ಶನಕ್ಕೆ ಇಡುತ್ತಾರೆ. ಇರಲಿ, ಒಳ್ಳೆಯದೇ.

ಬಟ್ಟೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಈ ಇಡೀ ಏಣಿ ನಿಂತಿರುವುದು ಹತ್ತಿಯ ಮೇಲೆ. ಬಟ್ಟೆ ನೀರು ಹೀರಬೇಕು, ಬಿಸಿ ತಡೆಯಬೇಕು, ಸೂಜಿಗೆ ಬಗ್ಗಬೇಕು. ಈಗ ಪಟ್ಟಣದಿಂದ ಬರುವ ಮೂಟೆ ಬಿಚ್ಚಿದರೆ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್: ಲೆಗ್ಗಿಂಗ್ಸ್, ಮಿಣಿಮಿಣಿ ಕುರ್ತಿ, ಕ್ರಿಕೆಟ್ ತಂಡದ ಟೀ ಶರ್ಟು, ಇಪ್ಪತ್ತು ಸಲ ಒಗೆದರೆ ಹಿಂಜುವ ಪಲಾಝೋ. ಇವು ಬೆವರು ಹೀರುವುದಿಲ್ಲ, ನೆಲ ಒರೆಸಿದರೆ ನೀರನ್ನು ಆ ಕಡೆಯಿಂದ ಈ ಕಡೆಗೆ ತಳ್ಳುತ್ತವೆ. ಮಸಿಬಟ್ಟೆ ಮಾಡಿದರೆ ಪಾತ್ರೆಗೆ ಅಂಟಿ ಕರಗುತ್ತವೆ. ಬ್ಯಾರನ್ನಿನ ಒಲೆಯ ಬಳಿ ಪಾಲಿಯೆಸ್ಟರ್ ತೊಟ್ಟು ಕೂರುವುದು ಅಪಾಯ. ಕಿಡಿ ಹಾರಿದರೆ ಕರಗಿ ಚರ್ಮಕ್ಕೇ ಹತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧಕ್ಕಿಂತ ಹೆಚ್ಚೆಂಬುದನ್ನು ಜಗತ್ತಿನ ಲೆಕ್ಕವೂ ಹೇಳುತ್ತದೆ. 2023ರಲ್ಲಿ ಜಗತ್ತು ತಯಾರಿಸಿದ ನೂಲಿನ ನಾರು ಸುಮಾರು 12.4 ಕೋಟಿ ಟನ್. ಅದರಲ್ಲಿ ನೂರಕ್ಕೆ 57 ಪಾಲು ಪಾಲಿಯೆಸ್ಟರ್. ನಮ್ಮ ಬೀರು ತುಂಬಿರುವುದು ನಿಜವೇ. ಆದರೆ ತೊಟ್ಟು ಬಿಟ್ಟ ಮೇಲೆ ಯಾವ ಕೆಲಸಕ್ಕೂ ಬಾರದ ಬಟ್ಟೆಯಿಂದ ಅದು ತುಂಬಿದೆ ಎನ್ನುವುದು ಅದಕ್ಕಿಂತ ದೊಡ್ಡ ತೊಂದರೆ.

ಬೀರುವಾದರೂ ಈ ಸೀಮೆಯ ಮನೆಗಳಿಗೆ ತೀರ ಹಳೆಯದಲ್ಲ. ಜಂತೆಯಿಂದ ಇಳಿಬಿಟ್ಟ ಗಳದ ಮೇಲೆ ದಿನಬಳಕೆಯ ಬಟ್ಟೆ, ಟ್ರಂಕಿನಲ್ಲಿ ಹಬ್ಬದ ಒಂದು ಜೊತೆ. ಅಷ್ಟೇ ಇತ್ತು. 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದ ಮೇಲೆ ದುಡ್ಡು ವರ್ಷಕ್ಕೊಮ್ಮೆ ಗಂಟಾಗಿ ಕೈಗೆ ಬರತೊಡಗಿತು. ಗಂಟಾಗಿ ಬಂದ ದುಡ್ಡು ಗಂಟಾಗಿಯೇ ಹೋಗುತ್ತದೆ: ಸಾಲಕ್ಕೆ, ಮದುವೆಗೆ, ಬಟ್ಟೆಗೆ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಕನ್ನಡಿ ಬಾಗಿಲಿನ ಕಬ್ಬಿಣದ ಬೀರು ಕೊಡುವುದು ರೂಢಿಯಾಯಿತು. ಕೊಟ್ಟ ಮೇಲೆ ಅದು ತುಂಬಲೇಬೇಕು.

ಅದರಲ್ಲಿ ಏನಿರುತ್ತದೆ? ಉಡುವ ಬಟ್ಟೆಗಿಂತ ಉಡದ ಬಟ್ಟೆಯೇ ಜಾಸ್ತಿ. ಗೃಹಪ್ರವೇಶಕ್ಕೆ ಬಂದ ಸೀರೆ, ನಾಮಕರಣಕ್ಕೆ ಬಂದ ಕುಪ್ಪಸದ ಕಣ, ಬೀಗರು ಹೊದಿಸಿದ ಶಾಲು, ಹೊಲಿಸದೇ ಬಿಟ್ಟ ಶರ್ಟು ಪೀಸು, ಪಂಚೆ. ಕಣಗಳಂತೂ ಮನೆಯಿಂದ ಮನೆಗೆ ತಿರುಗುತ್ತ, ಒಂದೊಂದು ಸಲ ಕೊಟ್ಟವರ ಕೈಗೇ ವಾಪಸು ಬರುತ್ತವೆ. ಜಪಾನಿನ ಮರಿ ಕೊಂಡೊ ಬರೆದ ಪುಸ್ತಕದಿಂದ ಜಗತ್ತಿಗೆಲ್ಲ ಬೀರು ಒಪ್ಪ ಮಾಡುವ ಹುಚ್ಚು ಹಿಡಿಯಿತು. ಪ್ರತಿ ಬಟ್ಟೆಯನ್ನೂ ಕೈಯಲ್ಲಿ ಹಿಡಿದು, ಖುಷಿ ಕೊಟ್ಟರೆ ಇಟ್ಟುಕೊಳ್ಳಿ, ಇಲ್ಲವಾದರೆ ಧನ್ಯವಾದ ಹೇಳಿ ಕಳಿಸಿಬಿಡಿ ಎನ್ನುವುದು ಆಕೆಯ ಸೂತ್ರ. ಅತ್ತಿಗೆಗೆ ಇದನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಖುಷಿ ಕೊಡೋದನ್ನೇ ಇಟ್ಕೊಳೋದಾದ್ರೆ ಎರಡು ನೈಟಿ ಉಳೀತವೆ ಅಷ್ಟೆ. ಮಿಕ್ಕಿದ್ದೆಲ್ಲ ಯಾರ್ಯಾರದೋ ಮರ್ಯಾದೆ ಕಣ್ರೀ” ಅಂದರು. ಯಾವ ಸೀರೆ ಯಾರು ಕೊಟ್ಟದ್ದು, ಅವರ ಮನೆಯ ಮುಂದಿನ ಮದುವೆಗೆ ಅದನ್ನು ಉಟ್ಟು ಹೋಗದಿದ್ದರೆ ಏನಾಗುತ್ತದೆ ಎಂಬ ಲೆಕ್ಕ ಅವರ ತಲೆಯಲ್ಲಿ ಬಾಯಿಪಾಠವಿದೆ. ಬೀರು ಹಗುರವಾಗಬೇಕಾದರೆ ಮೊದಲು ಮದುವೆಮನೆಯಲ್ಲಿ ಸೀರೆ, ಪಂಚೆ ಹಂಚುವುದು ಕಡಿಮೆಯಾಗಬೇಕು. ಅದನ್ನು ಯಾವ ಜಪಾನಿ ಸೂತ್ರವೂ ಮಾಡಿಕೊಡುವುದಿಲ್ಲ.

ಹಳೆಯ ಬಟ್ಟೆಗೆ ಊರಲ್ಲಿ ಒಂದು ಸಂತೆಯೂ ಇತ್ತು, ಪೂರ್ತಿ ನಿಂತಿಲ್ಲ. ತಲೆಯ ಮೇಲೆ ಸ್ಟೀಲು ಪಾತ್ರೆಯ ಬುಟ್ಟಿ, ಹೆಗಲಿಗೆ ಬಟ್ಟೆಯ ಗಂಟು ಹೊತ್ತು ಬರುವ ಹೆಂಗಸರು ಜಗಲಿಯ ಮೇಲೆ ಕೂತರೆ ಮಧ್ಯಾಹ್ನವೆಲ್ಲ ಚೌಕಾಸಿ. ಪ್ಯಾಂಟಿಗೆ ಬೆಲೆ ಹೆಚ್ಚು, ಸೀರೆಗೆ ಕಡಿಮೆ, ಜರಿಯಿದ್ದರೆ ಕಣ್ಣು ಅಗಲ. ಹಳೆಯ ರೇಷ್ಮೆ ಸೀರೆಯ ಅಸಲಿ ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುವವರಿಗೆ ಅದು ಹೋಗುತ್ತದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆಗಳ ಜರಿಯಲ್ಲಿ ನೂರಕ್ಕೆ 65ರಷ್ಟು ಬೆಳ್ಳಿ ಇರುತ್ತದೆ. ಆದ್ದರಿಂದ ಅಜ್ಜಿಯ ಕಾಲದ ಸೀರೆಯನ್ನು ಒಂದು ಡಬರಿಗೆ ಕೊಟ್ಟುಬಿಡುವ ಮುನ್ನ ಒಮ್ಮೆ ಯೋಚಿಸಿ. ಈ ವ್ಯಾಪಾರವನ್ನು ಪಟ್ಟಣದವರು ಜಿಪುಣತನ ಎಂದು ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡೂ ಕಡೆಯವರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ತೂತು ಹುಡುಕುತ್ತಾರೆ, ಬೈದಾಡುತ್ತಾರೆ. ಯಾರೂ ಯಾರಿಗೂ ಉಪಕಾರ ಮಾಡಿದ ಮುಖ ಹೊತ್ತು ಕೂರುವುದಿಲ್ಲ.

ಉಪಕಾರದ ಮುಖದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಹಳೆಯ ಬಟ್ಟೆ ಎಂದೂ ಬರೀ ಬಟ್ಟೆಯಾಗಿರಲಿಲ್ಲ. ಹುಣಸೂರು ಒಂದು ಕಾಲಕ್ಕೆ ಕಂಬಳಿಗೆ ಹೆಸರಾದ ಊರು. ಬ್ರಿಟಿಷರ ಮದ್ರಾಸು ಸೈನ್ಯದ ಸರಬರಾಜು ಇಲಾಖೆ ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಕೊಠಾರ ಇಟ್ಟುಕೊಂಡಿತ್ತು. 1864ರಲ್ಲಿ ಸರ್ಕಾರ ಅದನ್ನು ಮುಚ್ಚಿದರೂ ಕಸುಬು ಕಲಿತವರು ಚಪ್ಪಲಿ, ಕಂಬಳಿಗಳನ್ನು ತಯಾರಿಸುತ್ತಲೇ ಇದ್ದರು. ಆ ಕಂಬಳಿ ಗೌಡರ ಮನೆಯ ಜೀತದಾಳಿಗೆ ವರ್ಷಕ್ಕೊಂದು ಸಿಗುತ್ತಿತ್ತು. ಕಂಬಳಿ, ಒಂದು ಜೊತೆ ಬಟ್ಟೆ, ಚಪ್ಪಲಿ, ಇಷ್ಟು ಕಾಳು: ಇದು ಜೀತದ ಕರಾರು. ಅದರಾಚೆ ಕೈಗೆ ಬೀಳುತ್ತಿದ್ದದ್ದು ಯಜಮಾನರು ತೊಟ್ಟು ಬಿಟ್ಟದ್ದು. ಅದನ್ನು ಹಿತ್ತಲ ಬಾಗಿಲಲ್ಲಿ ಸೆರಗೊಡ್ಡಿ ಈಸಿಕೊಳ್ಳಬೇಕು, ಹೊಸದನ್ನು ಕೊಂಡರೂ ಯಜಮಾನರ ಮುಂದೆ ಮಡಿಕೆ ಮುರಿಯದೆ ತೊಡಬಾರದು. ಸತ್ತವರ ಬಟ್ಟೆಯೇ ಅಸ್ಪೃಶ್ಯರ ಉಡುಗೆ ಎಂದು ಮನುಸ್ಮೃತಿ ಬರೆದಿಟ್ಟಿತು. ಅಂಬೇಡ್ಕರ್ ಆ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟರು. ಅದೇ ಸಮಾವೇಶದಲ್ಲಿ ಸೇರಿದ್ದ ಹೆಣ್ಣುಮಕ್ಕಳಿಗೆ ಅವರು ಹೇಳಿದ ಮಾತುಗಳಲ್ಲಿ ಸೀರೆ ಉಡುವ ರೀತಿ ಬದಲಿಸಿ, ಜಾತಿ ಕಾಣಿಸುವ ವೇಷ ಬಿಡಿ ಎಂಬುದೂ ಇತ್ತು. ಬಟ್ಟೆಯಲ್ಲಿ ಏನಿದೆ ಎನ್ನುವವರಿಗೆ ಇದು ಉತ್ತರ.

ಜೀತಪದ್ಧತಿಯನ್ನು ಕಾಯ್ದೆಯಿಂದ ರದ್ದು ಮಾಡಿದ್ದು 1976ರಲ್ಲಿ. ಆಗ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಆ ನಂತರದ ಒಂದು ತಲೆಮಾರು ದುಡಿದು, ಅಂಗಡಿಗೆ ಹೋಗಿ, ಬೆಲೆ ಕೇಳಿ ಹೊಸ ಬಟ್ಟೆ ಕೊಂಡಿತು. ಅವರ ಮೊಮ್ಮಕ್ಕಳ ಮುಂದೆ ಕಾರಿನಿಂದ ಇಳಿದು ಹಳೆಯ ಬಟ್ಟೆಯ ಚೀಲ ಚಾಚಿದರೆ ಕೆಲವರ ಮುಖ ಯಾಕೆ ಗಂಟಾಗುತ್ತದೆ ಎಂದು ಅಚ್ಚರಿಪಡಬೇಕಿಲ್ಲ.

ಎಚ್.ಡಿ. ಕೋಟೆ, ಹುಣಸೂರಿನ ಆದಿವಾಸಿ ಹಾಡಿಗಳಲ್ಲಿ ಹೀಗೆ ಚೀಲ ಚಾಚುವುದು ಇನ್ನೂ ನಡೆದಿದೆ. ಭಾನುವಾರ ಬಂದರೆ ಒಂದಲ್ಲ ಒಂದು ಗಾಡಿ. ಬಟ್ಟೆ ಹಂಚಬೇಕು, ಜೇನುಕುರುಬರ ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳಬೇಕು, ಕಬಿನಿ ಹಿನ್ನೀರು ನೋಡಿಕೊಂಡು ಸಂಜೆಗೆ ಊರು ಸೇರಬೇಕು. ಹಂಚಿದ್ದರಲ್ಲಿ ಹಿಮ್ಮಡಿ ಎತ್ತರದ ಚಪ್ಪಲಿ ಇರುತ್ತದೆ, ಕೋಟು ಇರುತ್ತದೆ, ಜೊತೆ ತಪ್ಪಿದ ಚೂಡಿದಾರದ ಪ್ಯಾಂಟು ಇರುತ್ತದೆ. ಹೊತ್ತು ಮುಳುಗುವಷ್ಟರಲ್ಲಿ ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಹಾಡಿಯವರು ಬೇಲಿಗೆ ಹಾಕಿರುತ್ತಾರೆ. “ಇಸ್ಕೊಳ್ದಿದ್ರೆ ಅವರಿಗೆ ಬೇಜಾರಾಯ್ತದೆ” ಎಂದು ಒಬ್ಬ ಹೆಂಗಸು ನನಗೆ ಹೇಳಿದರು. ಅಂದರೆ ಕೊಡುವವರ ಮನಸ್ಸು ನೋಯದಂತೆ ನೋಡಿಕೊಳ್ಳುವ ಭಾರವೂ ಪಡೆಯುವವರ ಮೇಲೆಯೇ. ಹಾಡಿಗಳಿಗೆ ನಿಜವಾಗಿ ಬೇಕಾದದ್ದು ನವೆಂಬರಿಗೆ ಮೊದಲು ಮಕ್ಕಳ ಸ್ವೆಟರು, ದೊಡ್ಡವರ ಹೊದಿಕೆ. ಬೈಲಕುಪ್ಪೆಯಲ್ಲಿ, 1972ರಿಂದ ಹುಣಸೂರಿನ ಗುರುಪುರದಲ್ಲಿ ನೆಲೆಸಿರುವ ಟಿಬೆಟನ್ನರು ಚಳಿಗಾಲಕ್ಕೆ ಊರೂರಲ್ಲಿ ಸ್ವೆಟರ್ ಮಾರುವುದನ್ನು ನೀವು ನೋಡಿಯೇ ಇರುತ್ತೀರಿ. ನಿಮ್ಮ ಮಕ್ಕಳಿಗೆ ಒಂದೇ ಚಳಿಗೆ ಗಿಡ್ಡವಾದ ಅಂಥ ಸ್ವೆಟರು ಬೀರುವಿನ ತಳದಲ್ಲಿ ಇದ್ದೇ ಇರುತ್ತದೆ. ಬಟ್ಟೆಗಳಲ್ಲೆಲ್ಲ ಕೊಡಲು ಯೋಗ್ಯವಾದದ್ದು ಅದು: ಸವೆಯುವ ಮೊದಲೇ ಚಿಕ್ಕದಾಗಿರುತ್ತದೆ.

ಕೊಡುವವರ, ಪಡೆಯುವವರ ನಡುವಿನ ಈ ಮುಜುಗರಕ್ಕೆ ಒಂದು ದಾರಿ ಕಂಡುಕೊಂಡವರು ಅಂಶು ಗುಪ್ತ. 1999ರಲ್ಲಿ ದೆಹಲಿಯಲ್ಲಿ ಅವರು ‘ಗೂಂಜ್’ ಶುರು ಮಾಡಿದ್ದು ತಮ್ಮದೇ ಮನೆಯ ಬೀರುವಿನಿಂದ ತೆಗೆದ 67 ಬಟ್ಟೆಗಳಿಂದ. ಅವರ ಪದ್ಧತಿಯಲ್ಲಿ ಬಟ್ಟೆ ಭಿಕ್ಷೆಯಲ್ಲ, ಸಂಬಳ. ಊರಿನವರು ತಮಗೆ ಬೇಕಾದ ಕೆಲಸವನ್ನು, ಬಾವಿಯೋ ರಸ್ತೆಯೋ ಕೆರೆಯ ಹೂಳೋ, ತಾವೇ ಗುರುತಿಸಿ ಮಾಡಿಕೊಳ್ಳುತ್ತಾರೆ. ಅದಕ್ಕೆ ಪ್ರತಿಯಾಗಿ ಮನೆಗೊಂದು ಬಟ್ಟೆಯ ಕಟ್ಟು ಸಿಗುತ್ತದೆ. ಸುನಾಮಿಯ ನಂತರ ತಮಿಳುನಾಡಿನಲ್ಲಿ ಉಳಿದುಹೋದ ಬಟ್ಟೆಯ ರಾಶಿಯನ್ನು ಎತ್ತಿಕೊಂಡು ಹೋಗಿ ವಿಂಗಡಿಸಿದವರೂ ಇವರೇ. ತೊಡಲಾಗದ ಹತ್ತಿಯನ್ನು ಒಗೆದು, ಕತ್ತರಿಸಿ ಹೆಣ್ಣುಮಕ್ಕಳ ಮುಟ್ಟಿನ ಬಟ್ಟೆಯಾಗಿ ಮಾಡಿದರು. ಬೀರು ಒಪ್ಪ ಮಾಡುವಾಗ ನಮ್ಮ ತಲೆಗೆ ಕೊನೆಗೂ ಹೊಳೆಯದ ಅಗತ್ಯ ಅದು. 2015ರಲ್ಲಿ ಅಂಶು ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾನು ಮೆಚ್ಚುವುದು ಪ್ರಶಸ್ತಿಗಿಂತ ಅವರ ಶಿಸ್ತನ್ನು: ಯಾವ ಊರಿಗೆ ಯಾವ ಬಟ್ಟೆ ಎಂದು ಮೊದಲು ಕೇಳಿ, ಆಮೇಲೆ ಮೂಟೆ ಕಟ್ಟುತ್ತಾರೆ.

ಗೋಡೆಯ ಮೇಲೆ ಮೊಳೆ ಹೊಡೆದು, ಬೇಡವಾದದ್ದನ್ನು ಇಲ್ಲಿ ಬಿಡಿ, ಬೇಕಾದವರು ಒಯ್ಯಿರಿ ಎನ್ನುವ ಕ್ರಮವೊಂದು 2015ರ ಹೊತ್ತಿಗೆ ಇರಾನಿನ ಮಷ್ಹದ್ ನಗರದಿಂದ ಹಬ್ಬಿತು. ನಮ್ಮ ಊರುಗಳಲ್ಲೂ ಅಂಥ ಗೋಡೆಗಳು ಎದ್ದವು. ಯಾರ ಮುಖವನ್ನೂ ಯಾರೂ ನೋಡಬೇಕಿಲ್ಲ ಎನ್ನುವುದು ಅದರ ಚೆಂದ. ನೋಡಿಕೊಳ್ಳುವವರು ಇಲ್ಲದಿದ್ದರೆ ಒಂದೇ ಮಳೆಗೆ ಅದು ತಿಪ್ಪೆಯಾಗುವುದು ಅದರ ಕಷ್ಟ. 2023ರ ಮೇ ತಿಂಗಳಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಹಳೆಯ ಬಟ್ಟೆ, ಪುಸ್ತಕ, ಆಟಿಕೆ ಪಡೆಯುವ ‘ಆರ್‌ಆರ್‌ಆರ್’ (ರಿಡ್ಯೂಸ್, ರಿಯೂಸ್, ರಿಸೈಕಲ್) ಕೇಂದ್ರಗಳನ್ನು ತೆರೆಯಲು ದೇಶದ ನಗರಾಡಳಿತಗಳಿಗೆಲ್ಲ ಹೇಳಿತು. ಹತ್ತಿರದ ನಗರಸಭೆ, ಪಾಲಿಕೆ ಕಚೇರಿಯಲ್ಲಿ ಕೇಳಿ ನೋಡಿ. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2025ರ ಜನವರಿ 1ರಿಂದ ಬಟ್ಟೆಯನ್ನು ಬೇರೆ ಕಸದಿಂದ ಪ್ರತ್ಯೇಕವಾಗಿ ಸಂಗ್ರಹಿಸುವುದು ಕಡ್ಡಾಯ. ಹಾಗೆ ಸಂಗ್ರಹವಾದದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಬೇರೆ ಕಥೆ. ಘಾನಾದ ಅಕ್ರಾ ನಗರದ ಕಾಂತಮಾಂತೊ ಸಂತೆಗೆ ಬಂದಿಳಿಯುವ ಬಿಳಿಯರ ಹಳೆಯ ಬಟ್ಟೆಯಲ್ಲಿ ಮಾರಾಟವಾಗದ್ದು ಸಮುದ್ರದ ದಡ ಸೇರುತ್ತದೆ, ಚಿಲಿಯ ಅಟಕಾಮ ಮರುಭೂಮಿಯಲ್ಲಿ ಬಟ್ಟೆಯ ಗುಡ್ಡಗಳಿವೆ. ನಮ್ಮ ಪಾಣಿಪತ್ ಮಾತ್ರ ಹಳೆಯ ಉಣ್ಣೆ ಬಟ್ಟೆಯನ್ನು ಹಿಂಜಿ, ಮತ್ತೆ ನೂತು, ಅಗ್ಗದ ಕಂಬಳಿ ಮಾಡಿ ಬದುಕುತ್ತಿದೆ.

ಬೇರೆಯವರನ್ನು ಆಡಿಕೊಳ್ಳುವ ಮೊದಲು ನಮ್ಮ ನದಿಗಳನ್ನು ನೋಡಬೇಕು. ಮಿಂದು ಉಟ್ಟ ಬಟ್ಟೆ ನೀರಿಗೆ ಬಿಟ್ಟರೆ ಪಾಪ ಹೋಗುತ್ತದೆ, ಸತ್ತವರ ಬಟ್ಟೆ ಹೊಳೆಗೆ ಬಿಡಬೇಕು ಎಂಬ ನಂಬಿಕೆಯಿಂದ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಧರ್ಮಸ್ಥಳದ ನೇತ್ರಾವತಿಯಲ್ಲಿ ಬೀಳುವ ಬಟ್ಟೆಗೆ ಲೆಕ್ಕವಿಲ್ಲ. 2025ರ ಮಾರ್ಚ್‌ನಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆ ತೀರ್ಥಕ್ಷೇತ್ರಗಳ ನದಿ, ಕೆರೆಗಳ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ಭಕ್ತರು ಬಟ್ಟೆ ಬಿಡದಂತೆ ತಡೆಯಬೇಕು ಎಂದು ಅಧಿಕಾರಿಗಳಿಗೆ ಸೂಚಿಸಿದರು. ಹಿಂದೆ ಹತ್ತಿಯಾಗಿತ್ತು, ಕೊಳೆತು ಹೋಗುತ್ತಿತ್ತು. ಈಗಿನದು ಕೊಳೆಯುವುದಿಲ್ಲ, ಇರ್ಪಿನ ಬೆಟ್ಟದಿಂದ ಇಳಿದು ಬರುವ ಲಕ್ಷ್ಮಣತೀರ್ಥಕ್ಕೆ ಬಿಟ್ಟದ್ದು ಕಟ್ಟೆ ದಾಟಿ ಕೆಆರ್‌ಎಸ್ ಹಿನ್ನೀರು ಸೇರುತ್ತದೆ. ಆ ನೀರನ್ನೇ ಮೈಸೂರು, ಬೆಂಗಳೂರಿನವರು ಕುಡಿಯುವುದು.

ಸತ್ತವರ ಬಟ್ಟೆಯ ವಿಷಯದಲ್ಲಿ ನಮ್ಮ ಸೀಮೆಗೆ ಇದಕ್ಕಿಂತ ಒಳ್ಳೆಯ ಪದ್ಧತಿಯೊಂದು ಗೊತ್ತಿದೆ. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ತೀರಿಹೋದವರಿಗೆಂದು ಹೊಸ ಪಂಚೆಯನ್ನೋ ಸೀರೆಯನ್ನೋ ತಂದು ಎಡೆಯ ಮುಂದೆ ಇಡುತ್ತಾರೆ. ಪೂಜೆ ಮುಗಿದ ಮೇಲೆ ಅದನ್ನು ಮನೆಯಲ್ಲಿ ಬದುಕಿರುವವರು ಉಡುತ್ತಾರೆ. ಅಜ್ಜನಿಗೆಂದು ತಂದದ್ದು ಮೊಮ್ಮಗನ ಮೈಮೇಲೆ ಬರುತ್ತದೆ, ಯಾರಿಗೂ ಅಪಶಕುನ ಅನ್ನಿಸುವುದಿಲ್ಲ. ಹೀಗಿರುವಾಗ ಅಜ್ಜ ಬಿಟ್ಟುಹೋದ ಒಳ್ಳೆಯ ಉಣ್ಣೆಯ ಶಾಲನ್ನು ಮಾತ್ರ ಹೊಳೆಗೆ ಎಸೆಯುವುದು ನನಗೆ ಅರ್ಥವಾಗುವುದಿಲ್ಲ.

ಬೀರು ತೆರೆಯಬೇಕೆಂದಿದ್ದರೆ ತೆರೆಯಿರಿ, ಬೇಡ ಅನ್ನುವುದಿಲ್ಲ. ತೆರೆದ ಮೇಲೆ ಮೊದಲು ಹತ್ತಿಯನ್ನೂ ಪಾಲಿಯೆಸ್ಟರನ್ನೂ ಬೇರೆ ಮಾಡಿ. ಎಲ್ಲ ವಿಂಗಡಣೆಗೂ ಅದು ಮೂಲ. ನಿಮ್ಮ ತಂಗಿಗೆ, ಅತ್ತಿಗೆಗೆ ನಾಚಿಕೆಯಿಲ್ಲದೆ ಕೊಡಬಲ್ಲಿರಾದರೆ ಅದು ಕೊಡುವ ಬಟ್ಟೆ. ಅದನ್ನು ಒಗೆದು, ಇಸ್ತ್ರಿಯಲ್ಲದಿದ್ದರೂ ಮಡಿಸಿ, ಚೂಡಿದಾರವಾದರೆ ಮೇಲಿನದು ಕೆಳಗಿನದು ವೇಲು ಒಟ್ಟಿಗೆ ಕಟ್ಟಿ, ಅಳತೆ ಬರೆದ ಚೀಟಿ ಸಿಕ್ಕಿಸಿ. ತೊಟ್ಟ ಒಳಉಡುಪು ಕೊಡಲೇಬೇಡಿ, ಹೊಸದಾದರೆ ಮಾತ್ರ ಕೊಡಿ. ಸವೆದ ಹತ್ತಿಯನ್ನು ಕೆಲಸದ ಬಟ್ಟೆ ಎಂದು ಬೇರೆಯೇ ಇಡಿ, ದಾನದ ಮೂಟೆಗೆ ಸೇರಿಸಬೇಡಿ. ಗ್ಯಾರೇಜಿನವರು, ಪೇಂಟರುಗಳು, ಕೊಟ್ಟಿಗೆಯುಳ್ಳವರು ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಅವರಿಗೆ ಸುಮ್ಮನೆ ಕೊಟ್ಟರೆ ಸಂತೋಷ. ಹರಿದ ಪಾಲಿಯೆಸ್ಟರಿಗೆ ಸದ್ಯಕ್ಕೆ ಒಳ್ಳೆಯ ಗತಿಯಿಲ್ಲ. ಅದನ್ನು ಕೊಳ್ಳುವಾಗಲೇ ಕೈ ಹಿಡಿಯಬೇಕು. ಯಾರಿಗಾದರೂ ಕೊಡುವ ಮುನ್ನ ಫೋನ್ ಮಾಡಿ, ಏನು ಬೇಕು, ಎಷ್ಟು ಜನಕ್ಕೆ, ಯಾವ ವಯಸ್ಸಿನವರಿಗೆ ಎಂದು ಕೇಳಿ. ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ.

ಹುಣಸೂರು, ಪಿರಿಯಾಪಟ್ಟಣದ ಕಡೆ ನಿಮಗೆ ನೆಂಟರೋ ಗೆಳೆಯರೋ ಇದ್ದರೆ ಕೇಳಬೇಕಾದ ಅಗತ್ಯವೂ ಇಲ್ಲ. ತುಂಬುತೋಳಿನ ಹತ್ತಿ ಅಂಗಿ, ದೊಡ್ಡ ಅಳತೆಯದು, ಯಾವ ಬಣ್ಣವಾದರೂ ಸರಿ, ಬಿದ್ದುಹೋದ ಗುಂಡಿ ಹೊಲಿದು ಕಳಿಸಿಕೊಡಿ. ಜೂನ್ ಮುಗಿಯುವುದರೊಳಗೆ ತಲುಪಿದರೆ ಒಳ್ಳೆಯದು. ಜುಲೈಗೆ ಸೊಪ್ಪು ಮುರಿಯಲು ಶುರುವಾಗುತ್ತದೆ.